ಕೈಗೆ ಗೊತ್ತಿದ್ದ ಹಾಡು

ಭಾನುವಾರದ ಪ್ರಾರ್ಥನೆಯ ನಡುವೆ, ಐವತ್ತು ವರ್ಷಗಳಿಂದ ಹಾಡಿಕೊಂಡು ಬಂದ ಸ್ತೋತ್ರದ ಮೂರನೆಯ ಸಾಲಿನಲ್ಲಿ, ಇಸ್ಮೇ ಕಜೋ ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಅಕ್ಕಪಕ್ಕದವರೆಲ್ಲ ಹಾಡುತ್ತಲೇ ಇದ್ದರು. ಮುಂದಿನ ಪದ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಕೆಮ್ಮು ಬಂದವಳ ಹಾಗೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಬೆಂಚಿನ ಮೇಲೆ ಕುಳಿತಳು. ಯಾರೂ ಗಮನಿಸಲಿಲ್ಲ.

ಎಪ್ಪತ್ತೊಂದು ವರ್ಷದವಳು ಒಂದು ಪದ ಮರೆತರೆ ಏನು ಮಹಾ ಎನ್ನಬಹುದು. ಹಾಗೆನ್ನುವವರು ಅವಳ ಅಮ್ಮನನ್ನು ಕಂಡಿಲ್ಲ, ಅಷ್ಟೇ. ಅಮ್ಮನಿಗೂ ಶುರುವಾದದ್ದು ಸ್ತೋತ್ರದಿಂದಲೇ. ಮೊದಲು ಹಾಡುಗಳು ಹೋದವು, ಆಮೇಲೆ ಒಲೆಯ ಮೇಲಿಟ್ಟ ಪಾತ್ರೆ ಹೋಯಿತು, ಆಮೇಲೆ ಮನೆಯ ದಾರಿ. ಕೊನೆಗೊಂದು ಬೆಳಗ್ಗೆ, ತನಗೆ ಗಂಜಿ ಕುಡಿಸುತ್ತಿದ್ದ ಇಸ್ಮೇಯ ಮುಖವನ್ನೇ ನೋಡಿ, "ನೀನು ಯಾರ ಮಗಳಮ್ಮಾ? ನಿಮ್ಮಮ್ಮ ಹುಡುಕ್ತಿರ್ತಾಳೆ, ಮನೆಗೆ ಹೋಗು" ಎಂದಿದ್ದಳು. ಆ ಮಾತು ಇಸ್ಮೇಯ ಹೊಟ್ಟೆಯಲ್ಲಿ ಇಂದಿಗೂ ಹಾಗೇ ಕುಳಿತಿದೆ.

ಪ್ರಾರ್ಥನೆ ಮುಗಿಯುವುದನ್ನೂ ಕಾಯದೆ ಅವಳು ಲವಂತಿಲ್ ಗುಡ್ಡದ ಮೆಟ್ಟಿಲುಗಳನ್ನು ಹತ್ತಿದಳು. ಮನೆಗೆ ಬಂದವಳು ಹ್ಯಾಟು ಕೂಡ ತೆಗೆಯಲಿಲ್ಲ. ನೇರ ಅಡುಗೆಮನೆಯ ಮೇಜಿನ ಮುಂದೆ ನಿಂತು, ಎರಡು ಚಮಚಗಳನ್ನು ಹಿಂದುಮುಂದಾಗಿ ಹಿಡಿದು, ಮರದ ಮೇಲೆ ಬಡಿಯತೊಡಗಿದಳು. ಬಲಕ್ಕೆ ಎರಡು, ಎದುರಿಗೆ ಒಂದು, ಮುಂದೆ ಎಡಗಡೆ ಸೊಂಟದ ಹತ್ತಿರ ಮೂರು. ಕೈ ನಿಲ್ಲದೆ ಕೊನೆಯವರೆಗೂ ಹೋಯಿತು. ಅಬ್ಬಾ ಎಂದು ಉಸಿರು ಬಿಟ್ಟಳು. ಮರುಕ್ಷಣವೇ ಮತ್ತೆ ಹೆದರಿದಳು. ಮೇಜಿನ ಮರ ಎಲ್ಲಿ ಬಡಿದರೂ ಒಂದೇ ಸದ್ದು ಮಾಡುತ್ತದೆ. ಕೈ ಸರಿಯಾಗಿ ಹೋಯಿತೋ, ಎಲ್ಲಾದರೂ ತಪ್ಪಿತೋ, ಹೇಳುವವರು ಯಾರು?

ಅವಳು ಬಡಿದದ್ದು ಅಣ್ಣ ಕತ್ಬರ್ಟ್ ಕಟ್ಟಿದ ಹಾಡು. ಕತ್ಬರ್ಟ್ ಪ್ಯಾನ್ ಎಂಬ ಉಕ್ಕಿನ ವಾದ್ಯಕ್ಕೆ ಶ್ರುತಿ ಮಾಡುತ್ತಿದ್ದವನು. ಎಣ್ಣೆಯ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ಬೋಗುಣಿಯಂತೆ ತಗ್ಗಿಸಿ, ಬೆಂಕಿಗೆ ಹಿಡಿದು, ಅದರೊಳಗಿಂದ ಒಂದೊಂದೇ ಸ್ವರವನ್ನು ಹೊರಗೆಳೆಯುತ್ತಿದ್ದ. ಆ ಕಾಲದಲ್ಲಿ ಯಾವ ಸ್ವರ ಎಲ್ಲಿ ಕೂರಬೇಕು ಎನ್ನುವುದಕ್ಕೆ ನಿಯಮವಿರಲಿಲ್ಲ. ಪ್ರತಿಯೊಬ್ಬನೂ ತನಗೆ ಕಂಡ ಹಾಗೆ ಕೂರಿಸುತ್ತಿದ್ದ. ಕತ್ಬರ್ಟ್ ತಂಗಿಯ ಗಿಡ್ಡ ತೋಳುಗಳನ್ನು ನೋಡಿ, ಅವು ಎಲ್ಲಿಗೆ ಸಲೀಸಾಗಿ ಹೋಗುತ್ತವೋ ಅಲ್ಲಿ ಸ್ವರಗಳನ್ನಿಟ್ಟ. ಅಂಥ ಪ್ಯಾನ್ ಲೋಕದಲ್ಲಿ ಅದೊಂದೇ. ಆಮೇಲೆ ಎಲ್ಲ ಪ್ಯಾನುಗಳಿಗೂ ಒಂದೇ ಕ್ರಮ ಬಂತು. ಹೊಸ ಪ್ಯಾನಿನ ಮುಂದೆ ನಿಂತರೆ ಇಸ್ಮೇಗೆ, ಯಾರೋ ತನ್ನ ಅಡುಗೆಮನೆಗೆ ನುಗ್ಗಿ ಉಪ್ಪು, ಎಣ್ಣೆ, ಚಾಕು ಎಲ್ಲವನ್ನೂ ಬೇರೆ ಬೇರೆ ಕಡೆ ಇಟ್ಟುಹೋದ ಹಾಗೆ ಆಗುತ್ತಿತ್ತು. ನಾಲ್ಕು ಜನರೆದುರು ತಡಬಡಾಯಿಸುವುದಕ್ಕಿಂತ "ನಾನು ಬಾರಿಸೋದು ಬಿಟ್ಟೆ" ಎನ್ನುವುದೇ ಮೇಲೆಂದು ಹಾಗೇ ಹೇಳಿಬಿಟ್ಟಳು. ಗುಡ್ಡದ ಜನ ಅದನ್ನು ಜಂಬ ಎಂದುಕೊಂಡರು. ಎಂದುಕೊಳ್ಳಲಿ ಬಿಡಿ, ಜನಕ್ಕೇನು ಕೆಲಸ.

ನಲವತ್ತು ವರ್ಷದ ಹಿಂದೆ, ಒಂದು ಕಾರ್ನಿವಲ್ ಮುಗಿದು ಈಸ್ಟರ್ ಬರುವುದರೊಳಗೆ, ಉಪವಾಸದ ದಿನಗಳಲ್ಲಿ, ಕತ್ಬರ್ಟ್ ಆ ಹಾಡು ಕಟ್ಟಿದ. ತಂಗಿಗೆ ಅವಳ ಪ್ಯಾನಿನ ಮೇಲೆಯೇ ಕೈಹಿಡಿದು ಕಲಿಸಿದ. ಕೆಳಗಿನ ಸ್ವರಗಳನ್ನು ಬಾರಿಸುತ್ತಿದ್ದ ಗೆಳೆಯ ಜಬೋಕಾನಿಗೆ ಅವನ ಪಾಲನ್ನು ಹೇಳಿಕೊಟ್ಟ. ಬೀದಿಗೆ ತರುವ ಮೊದಲೇ, ಎದೆನೋವು ಎಂದು ಕುಳಿತವನು ಮತ್ತೆ ಏಳಲಿಲ್ಲ. ಮೂವತ್ತೆರಡು ವರ್ಷ ಅವನಿಗೆ. ಅಣ್ಣನಿಗಾಗಲಿ ತಂಗಿಗಾಗಲಿ ಸ್ವರ ಬರೆಯಲು ಬರುತ್ತಿರಲಿಲ್ಲ. ಹಾಡು ಇದ್ದದ್ದು ಇಸ್ಮೇಯ ಎರಡು ಕೈಗಳಲ್ಲಿ, ಆ ಒಂದು ಪ್ಯಾನಿನ ಮೇಲೆ. ಪ್ಯಾನು ಹಿತ್ತಲಿನ ಕೊಟ್ಟಿಗೆಯಲ್ಲಿತ್ತು, ಒಬ್ಬಳೇ ಇದ್ದಾಗ ಅಲ್ಲೇ ಬಾರಿಸಿಕೊಳ್ಳುತ್ತಿದ್ದಳು. ಆರು ವರ್ಷದ ಹಿಂದೆ ಮಳೆಗೆ ಗುಡ್ಡ ಜರಿದಾಗ ಕೊಟ್ಟಿಗೆಯೂ ಪ್ಯಾನೂ ಒಟ್ಟಿಗೇ ಮಣ್ಣಾದವು. ಅಂದಿನಿಂದ ಇದ್ದದ್ದು ಮೇಜು, ಚಮಚ. ಹಾಡಿನ ಮೊದಲ ತುಂಡನ್ನು ಅವಳು ಗುನುಗಬಲ್ಲಳು. ಅಲ್ಲಿಂದಾಚೆ ಕೈ ಮುಂದೆ ಹೋಗುತ್ತಿತ್ತು, ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ.

ಇನ್ನೀಗ ಕೈಯೂ ಮರೆತರೆ? ಅಮ್ಮನಂತೆ ಗಂಜಿ ಕುಡಿದುಕೊಂಡು ಕೂರುವುದಾದರೆ ಕೂರಲಿ, ದೇವರಿಟ್ಟಂತಾಗಲಿ. ಆದರೆ ಅದಕ್ಕೆ ಮೊದಲು ಆ ಹಾಡು ಬೇರೆ ಯಾರ ಕಿವಿಗಾದರೂ ಬೀಳಬೇಕು. ಬೀಳದಿದ್ದರೆ ಕತ್ಬರ್ಟ್ ಎರಡನೆಯ ಸಲ ಸತ್ತ ಹಾಗೆ, ಈ ಸಲ ತನ್ನ ಕೈಯಲ್ಲೇ.

ಸೋಮವಾರ ಬೆಳಗ್ಗೆಯೇ ಜಬೋಕಾನ ಮನೆಗೆ ಹೋದಳು. ಜಬೋಕಾ ಎಂದರೆ ಬೆಣ್ಣೆಹಣ್ಣು. ಚಿಕ್ಕಂದಿನಲ್ಲಿ ಪಾದ್ರಿಯ ಹಿತ್ತಲಿನಿಂದ ಕದ್ದು ಸಿಕ್ಕಿಬಿದ್ದವನಿಗೆ ಅಂಟಿಕೊಂಡ ಹೆಸರು. ನಿಜವಾದ ಹೆಸರು ಚರ್ಚಿನ ಪುಸ್ತಕಕ್ಕೇ ಗೊತ್ತು. ಮುಂಬಾಗಿಲ ಜಗಲಿಯಲ್ಲಿ ಊದಿದ ಮೊಣಕಾಲನ್ನು ಕುರ್ಚಿಯ ಮೇಲೆ ಚಾಚಿ, ಉಪ್ಪುಮೀನಿನ ಜೊತೆ ತೆಂಗಿನಕಾಯಿಯ ರೊಟ್ಟಿ ತಿನ್ನುತ್ತಿದ್ದ.

"ಓಹೋ, ಮಹಾರಾಣಿ ಬಂದ್ರು! ದಾರಿ ತಪ್ತಾ?" ಎಂದ.

ದಾರಿ ತಪ್ಪುವ ಮಾತು ಕೇಳಿ ಇಸ್ಮೇಯ ಮುಖ ಬಿಳಿಚಿತು. ಅವನು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟ. "ಏನಾಯ್ತೇ?"

ಎಲ್ಲ ಹೇಳಿದಳು. ಸ್ತೋತ್ರ, ಮೇಜು, ಅಮ್ಮ. "ನಂಗೆ ಭಯ ಆಗ್ತಿದೆ ಕಣೋ. ಬೆಳಗ್ಗೆ ಎದ್ದ ಕೂಡ್ಲೇ ಮೊದ್ಲು ನನ್ನ ಹೆಸರು ಹೇಳ್ಕೋತೀನಿ, ಗೊತ್ತಾ? ಇದ್ಯೋ ಹೋಯ್ತೋ ಅಂತ."

"ಅಯ್ಯೋ, ನಿನ್ನ ಹೆಸರು ನೀನು ಮರೆತ್ರೂ ಈ ಗುಡ್ಡ ಮರೆಯಲ್ಲ ಬಿಡು. ಅರ್ಧ ಊರಿನ ಜೊತೆ ಜಗಳ ಆಡಿದೀಯ." ನಗಿಸಲು ನೋಡಿದ, ಆಗಲಿಲ್ಲ. ಗಡ್ಡ ಕೆರೆದುಕೊಂಡು, "ಕಾಮಿನಿ ಟೀಚರ್ ಹತ್ರ ಒಂದು ಕರೆಂಟಿನ ಪ್ಯಾನ್ ಇದೆ" ಎಂದ. "ಪ್ಯಾನ್ ಅಂದ್ರೆ ಪ್ಯಾನೂ ಅಲ್ಲ. ತಟ್ಟೆಗೆ ರಬ್ಬರ್ ರೊಟ್ಟಿ ಅಂಟಿಸಿದ ಹಾಗಿದೆ. ನಾನೂ ಉಗಿದು ಬಂದಿದ್ದೆ. ಆದ್ರೆ ಕೇಳು, ನಂಗೆ ಆ ಕೆಳಸ್ವರದ ಒಂಬತ್ತು ಪೀಪಾಯಿ ಮಧ್ಯೆ ಕುಣಿಯೋಕೆ ಈ ಮೊಣಕಾಲು ಬಿಡುತ್ತಾ? ಇಲ್ಲ. ಅವಳು ಏನೋ ಗುಂಡಿ ಒತ್ತಿದ್ಲು, ಒಂಬತ್ತೂ ಪೀಪಾಯಿ ಆ ತಟ್ಟೆಯೊಳಗೆ ಬಂತು. ಕುರ್ಚಿ ಮೇಲೆ ಕೂತು ಬಾರಿಸಿದೆ ಮಾರಾಯ್ತಿ! ಹನ್ನೊಂದು ವರ್ಷ ಆಗಿತ್ತು."

"ನಂಗೇನು ಉಪಯೋಗ ಅದ್ರಿಂದ? ನಂದು ಕತ್ಬರ್ಟ್ ಪ್ಯಾನು."

"ಯಾವ ಸ್ವರ ಎಲ್ಲಿ ಬೇಕೋ ಅಲ್ಲಿ ಕೂರುತ್ತಂತೆ ಅದ್ರಲ್ಲಿ. ಹೇಳಿದ್ರೆ ಸಾಕಂತೆ."

ಇಸ್ಮೇ ಐದು ದಿನ ಹೋಗಲಿಲ್ಲ. ಸತ್ಯ ಹೇಳಬೇಕೆಂದರೆ ಅವಳಿಗೆ ಆ ತಟ್ಟೆಯನ್ನು ಕಂಡರೆ ಭಯ. ಮೇಜಿನ ಮೇಲೆ ತಪ್ಪು ತಿಳಿಯುವುದಿಲ್ಲ. ತಿಳಿಯುವವರೆಗೂ ಹಾಡು ಇದೆ ಎಂದುಕೊಂಡಿರಬಹುದು. ಅಲ್ಲಿ ಹೋಗಿ ಬಾರಿಸಿದರೆ ತಿಳಿದೇ ಬಿಡುತ್ತದೆ. ಶನಿವಾರ ಬೆಳಗ್ಗೆ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಂಡಳು, ಮೊದಲನೆಯದು ನೆನಪಿಲ್ಲದೆ. ಆ ಚಹಾವನ್ನು ಹಾಗೇ ಚೆಲ್ಲಿ, ಚಪ್ಪಲಿ ಮೆಟ್ಟಿ, ಇವತ್ತೇ ಬರ್ತೀನಿ ಅಂತ ಟೀಚರಿಗೆ ಹೇಳು ಎಂದು ಜಬೋಕಾನಿಗೆ ತಿಳಿಸಲು ಹೊರಟಳು.

ತಂಡ ಅಭ್ಯಾಸ ಮಾಡುವ ಪ್ಯಾನ್‌ಯಾರ್ಡು ಮಧ್ಯಾಹ್ನ ಖಾಲಿಯಿತ್ತು. ತಗಡಿನ ಮಾಡಿನ ಕೆಳಗೆ ಪ್ಯಾನುಗಳೆಲ್ಲ ಬಟ್ಟೆ ಹೊದ್ದು ನಿಂತಿದ್ದವು. ಕಾಮಿನಿ ಸೀಪರ್ಸಾದ್ ಕಾಯುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು, ಶಾಲೆಯಲ್ಲಿ ಸಂಗೀತ ಕಲಿಸುವವಳು, ಈ ಯಾರ್ಡಿನಲ್ಲಿ ಇಪ್ಪತ್ತು ವರ್ಷದಿಂದ ಬಾರಿಸುತ್ತಿರುವವಳು. ಜಬೋಕಾ ಆಗಲೇ ಬಂದು ತನ್ನ ಮೊಣಕಾಲಿಗೊಂದು ಕುರ್ಚಿ ಹಿಡಿದಿದ್ದ.

"ಬನ್ನಿ ತಾಂತಿ" ಎಂದಳು ಕಾಮಿನಿ. ವಯಸ್ಸಾದ ಹೆಂಗಸರೆಲ್ಲ ಇಲ್ಲಿ ಅತ್ತೆಯರೇ, ತಾಂತಿಯರೇ. "ಕೋಲು ಹಿಡೀರಿ. ಯಾವ ಸ್ವರ ಎಲ್ಲಿತ್ತು ಅಂತ ಹೇಳ್ತಾ ಹೋಗಿ, ನಾನು ಕೂರಿಸ್ತಾ ಹೋಗ್ತೀನಿ."

ಇಸ್ಮೇ ಆ ತಟ್ಟೆಯನ್ನು ನೋಡಿದಳು. ಬೋಗುಣಿಯಂತೆ ತಗ್ಗಾಗಿತ್ತು, ಪ್ಯಾನಿನಂತೆಯೇ ಕಾಲುಗಳ ಮೇಲೆ ನಿಂತಿತ್ತು. ಒಳಗೆ ಲೋಹದ ಬದಲು ಕಪ್ಪು ರಬ್ಬರಿನ ಬಿಲ್ಲೆಗಳು, ಒಂದರ ಮೇಲೂ ಗುರುತಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಪರದೆ, ಒಂದು ಸ್ಪೀಕರು.

"ನಂಗೆ ಗೊತ್ತಿಲ್ಲಮ್ಮಾ" ಎಂದಳು. "ಹೆಸರು ಗೊತ್ತಿಲ್ಲ. ಅಣ್ಣ ಹೆಸರಿಟ್ಟು ಕಲಿಸ್ಲಿಲ್ಲ. ಕೈಗೆ ಗೊತ್ತು, ಅಷ್ಟೆ."

ಇಸ್ಮೇ ಆಗಲೇ ಕೋಲು ಕೆಳಗಿಡಲು ಹೊರಟಿದ್ದಳು. ಕಾಮಿನಿ ಕೈ ಅಡ್ಡ ಹಿಡಿದಳು.

"ತಾಂತಿ, ಒಂದು ಕೆಲಸ ಮಾಡೋಣ. ನಂಗೂ ಗೊತ್ತಿರೋ ಹಾಡು ಯಾವ್ದಾದ್ರೂ ಬಾರಿಸಿ. ಕ್ರಿಸ್‌ಮಸ್ ಹಾಡು, ಸ್ತೋತ್ರ, ಏನಾದ್ರೂ. ಸದ್ದು ಬರಲ್ಲ, ಬರೀ ರಬ್ಬರ್. ನೀವು ಎಲ್ಲಿ ಹೊಡೀತೀರೋ ನಾನು ನೋಡ್ತೀನಿ. ಹಾಡು ನಂಗೆ ಗೊತ್ತಲ್ಲ, ಆ ಜಾಗದಲ್ಲಿ ಯಾವ ಸ್ವರ ಇತ್ತು ಅಂತ ನಾನೇ ಹೇಳ್ತೀನಿ."

ಹೀಗೆ ಶುರುವಾಯಿತು. ಇಸ್ಮೇ ಸದ್ದಿಲ್ಲದ ರಬ್ಬರಿನ ಮೇಲೆ ಕ್ರಿಸ್‌ಮಸ್ ಹಾಡು ಬಾರಿಸಿದಳು. ಕಾಮಿನಿ ಬಾಯಲ್ಲಿ ಅದೇ ಹಾಡನ್ನು ಮೆಲ್ಲಗೆ ಹಾಡುತ್ತಾ, ಕೋಲು ಬಿದ್ದ ಬಿಲ್ಲೆಗೆ ಒಂದೊಂದೇ ಸ್ವರ ಕೊಡುತ್ತಾ ಹೋದಳು. ಮೊದಲು ನಾಲ್ಕು ಬಿಲ್ಲೆಗಳು ಮಾತಾಡಿದವು, ಆಮೇಲೆ ಒಂಬತ್ತು. ಹೊಸ ಬಿಲ್ಲೆಗೆ ದನಿ ಬಂದಾಗಲೆಲ್ಲ ಇಸ್ಮೇಯ ಭುಜ ಬೆಚ್ಚಿಬೀಳುತ್ತಿತ್ತು. ಎಲ್ಲಿ ಏನಿರಬೇಕೋ ಅದೇ ಅಲ್ಲಿ! ಅದೇ ಹಳೆಯ ಅಡುಗೆಮನೆ, ಉಪ್ಪು ಉಪ್ಪಿನ ಜಾಗದಲ್ಲಿ.

"ಈಗ ಸ್ತೋತ್ರ ಬಾರಿಸ್ತೀರಾ?" ಎಂದು ಕಾಮಿನಿ ಕೇಳಿ, ತನಗೆ ಗೊತ್ತಿದ್ದದ್ದೊಂದನ್ನು ಗುನುಗಿದಳು. ಅವಳಿಗೇನು ಗೊತ್ತು, ಅದು ಭಾನುವಾರ ಕೈಕೊಟ್ಟದ್ದೇ ಆಗಿತ್ತು.

ಇಸ್ಮೇ ಕೋಲುಗಳನ್ನು ಬಿಗಿಯಾಗಿ ಹಿಡಿದು ಶುರು ಮಾಡಿದಳು. ಮೊದಲ ಸಾಲು ಹೋಯಿತು, ಎರಡನೆಯದು ಹೋಯಿತು. ಮೂರನೆಯದಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡಳು. ಕೈ ನಿಲ್ಲಲಿಲ್ಲ. ಬಾಯಿ ಎಲ್ಲಿ ನಿಂತಿತ್ತೋ ಆ ಜಾಗವನ್ನು ಕೈ, ಅಲ್ಲಿ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ದಾಟಿಹೋಯಿತು. ದಾಟಿದ ಮೇಲೆ ಆ ಪದವೂ ತಾನಾಗಿ ನಾಲಿಗೆಗೆ ಬಂತು. ಇಸ್ಮೇ ಅದನ್ನು ಎರಡು ಸಲ ಜೋರಾಗಿ ಹೇಳಿಕೊಂಡಳು.

ಎರಡು ಗಂಟೆ ಕಳೆಯಿತು. ಇಪ್ಪತ್ತೇಳು ಬಿಲ್ಲೆಗಳಿಗೆ ದನಿ ಬಂತು. ಎಡಗಡೆ, ಸೊಂಟದ ಹತ್ತಿರದ ಒಂದು ಮಾತ್ರ ಉಳಿಯಿತು. ಎಷ್ಟು ಹಾಡು ಬಾರಿಸಿದರೂ ಇಸ್ಮೇಯ ಕೋಲು ಅದರ ಹತ್ತಿರ ಸುಳಿಯಲಿಲ್ಲ.

"ಪರವಾಗಿಲ್ಲ ತಾಂತಿ. ಕೆಳಗಿನ ಒಂದೇ ಒಂದು ಸ್ವರ ಲೆಕ್ಕಕ್ಕೆ ಸಿಗ್ತಿಲ್ಲ. ಉಳಿದಿರೋ ಬಿಲ್ಲೆನೂ ಒಂದೇ. ಅದೇ ಇದು" ಎಂದು ಕಾಮಿನಿ ಆ ಸ್ವರವನ್ನು ಅಲ್ಲಿ ಕೂರಿಸಿದಳು. "ಈಗ ಅಣ್ಣನ ಹಾಡು ಬಾರಿಸಿ. ನೀವು ಬಾರಿಸಿದ್ದನ್ನೆಲ್ಲ ಇದೇ ನೆನಪಿಟ್ಕೊಳ್ಳುತ್ತೆ."

ಜಬೋಕಾ ಕುರ್ಚಿಯಲ್ಲಿ ನೆಟ್ಟಗೆ ಕುಳಿತ. ಇಸ್ಮೇ ಬಾರಿಸಿದಳು.

ಮೊದಲ ತುಂಡು ಬಂತು. ಆಮೇಲೆ, ಆರು ವರ್ಷದಿಂದ ಕಿವಿಗೆ ಬೀಳದಿದ್ದ ಎರಡನೆಯ ತುಂಡು ಬಂತು. ಕತ್ಬರ್ಟನ ನಡಿಗೆಯೇ ಅದು, ಸ್ವಲ್ಪ ಅವಸರ, ಸ್ವಲ್ಪ ಕುಂಟು. ಇಸ್ಮೇಯ ಕಣ್ಣು ತುಂಬಿತು. ಕೈ ಎಡಕ್ಕೆ ತಿರುಗಿ ಸೊಂಟದ ಹತ್ತಿರದ ಬಿಲ್ಲೆಗೆ ಮೂರು ಸಲ ಬಡಿಯಿತು.

ಅಸಹ್ಯವಾದ ಸದ್ದು. ಊಟದ ಮಧ್ಯೆ ಕಲ್ಲು ಕಡಿದ ಹಾಗೆ. ಇಸ್ಮೇ ಗಕ್ಕನೆ ನಿಂತಳು.

"ಸ್ವರ ಬೇರೆ ಇರ್ಬೇಕು" ಎಂದು ಕಾಮಿನಿ ಬದಲಿಸಿದಳು. ಇಸ್ಮೇ ಮತ್ತೆ ಬಾರಿಸಿದಳು, ಮತ್ತೆ ಅಸಹ್ಯ. ಕಾಮಿನಿ ಇನ್ನೊಂದು ಹಾಕಿದಳು, ಮತ್ತೊಂದು ಹಾಕಿದಳು. ಒಂದು ಅಳುವ ಹಾಗಿತ್ತು, ಒಂದು ಅಣಕಿಸುವ ಹಾಗಿತ್ತು. ಹಾಡು ಪ್ರತಿ ಸಲವೂ ಅಲ್ಲಿಗೆ ಬಂದು ಕಾಲು ಮುರಿದುಕೊಂಡು ಬೀಳುತ್ತಿತ್ತು.

"ತಾಂತಿ, ಕೈ ಪಕ್ಕದ ಬಿಲ್ಲೆಗೆ ಹೋಗ್ಬೇಕಿತ್ತೇನೋ? ಸ್ವಲ್ಪ ಯೋಚನೆ ಮಾಡಿ" ಎಂದಳು ಕಾಮಿನಿ, ತುಂಬ ಮೆತ್ತಗೆ.

ಆ ಮೆತ್ತನೆಯ ದನಿ ಇಸ್ಮೇಗೆ ಗೊತ್ತಿತ್ತು. ಅಮ್ಮನ ಜೊತೆ ತಾನೂ ಅದೇ ದನಿಯಲ್ಲಿ ಮಾತಾಡುತ್ತಿದ್ದಳು. ಆಯಿತು, ಬಂದೇ ಬಿಟ್ಟಿತು. ಬಾಯಿ ಹೋಯಿತು, ಕಿವಿ ಹೋಯಿತು, ಈಗ ಕೈ. ಕೋಲುಗಳನ್ನು ಬಿಲ್ಲೆಗಳ ಮೇಲೆ ಇಟ್ಟು, ನಿಂತಲ್ಲೇ ಮುಖ ಮುಚ್ಚಿಕೊಂಡಳು. "ಹೋಯ್ತು ಕಣಮ್ಮಾ. ಅವನನ್ನ ನಾನು ಕಳ್ಕೊಂಡೆ. ನನ್ನ ಮನೆಗೆ ಬಿಟ್ಟುಬಿಡು, ನಂಗೆ ಇಲ್ಲಿರೋಕೆ ಆಗ್ತಿಲ್ಲ."

ಜಬೋಕಾ ಅಷ್ಟು ಹೊತ್ತೂ ನೆಲ ನೋಡುತ್ತಾ, ಹ್ಯಾಟನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತಿದ್ದ. ಒಂದು ಸಲ ಬಾಯಿ ತೆರೆದು ಮುಚ್ಚಿದ್ದ. ಈಗ ಹ್ಯಾಟನ್ನು ತಲೆಗಿಟ್ಟುಕೊಂಡ.

"ಟೀಚರ್, ಆ ಬಿಲ್ಲೆ ಸದ್ದು ಆರಿಸು" ಎಂದ.

"ಆರಿಸೋದಾ?"

"ಪೂರ್ತಿ ಆರಿಸು. ಅದಕ್ಕೆ ಸ್ವರ ಇರ್ಲಿಲ್ಲ. ಆ ಸ್ವರ ಸತ್ತುಹೋಗಿತ್ತು."

ಇಸ್ಮೇ ಮುಖದಿಂದ ಕೈ ತೆಗೆದಳು. "ಏನಂದೆ?"

"ಬೈಬೇಡ ಕಣೇ ಇಸ್ಮೇ. ಆಣೆ ಮುರೀತಿದೀನಿ." ಜಬೋಕಾ ಅವಳತ್ತ ನೋಡದೆ ಹೇಳಿದ. "ಕತ್ಬರ್ಟ್ ಹೋದ ವರ್ಷ, ಕಾರ್ನಿವಲ್ಲಿನ ಪನೋರಮಾ ಸ್ಪರ್ಧೆಗೆ ಅವನು ನಿನ್ನನ್ನ ತಂಡದ ಮುಂದಿನ ಸಾಲಿಂದ ತೆಗೆದು ಹಿಂದೆ ಹಾಕಿದ. ನಿಂಗೆ ತಲೆ ಕೆಟ್ಟುಹೋಯ್ತು. 'ತಗೋ ನಿನ್ನ ಡಬ್ಬ' ಅಂತ ಪ್ಯಾನನ್ನ ಗುಡ್ಡದ ಮೆಟ್ಟಿಲ ಮೇಲಿಂದ ಎಸೆದುಬಿಟ್ಟೆ. ಉರುಳಿ ಉರುಳಿ ನಮ್ಮನೆ ಬಾಗಿಲಿಗೆ ಬಂತು, ನಾನೇ ಎತ್ಕೊಂಡೆ. ಎಡಗಡೆ ಆ ಸ್ವರ ಸತ್ತಿತ್ತು. ಹೊಡೆದ್ರೆ ತುಕ್ ಅನ್ನೋದು, ಮರ ಬಡಿದ ಹಾಗೆ. ಈಸ್ಟರ್ ಆದ್ಮೇಲೆ ಸರಿಮಾಡ್ತೀನಿ ಅಂದ ಕತ್ಬರ್ಟ್. ಅಲ್ಲಿವರೆಗೂ ಆ ಸತ್ತ ಸ್ವರಕ್ಕೂ ಒಂದು ಕೆಲಸ ಕೊಡ್ತೀನಿ ಅಂತ ನಕ್ಕು ಈ ಹಾಡು ಕಟ್ಟಿದ. ನಿನ್ನ ರೇಗಿಸೋಕೇ ಕಟ್ಟಿದ್ದು ಕಣೇ. ಮೂರು ತುಕ್. ನೀನು ಎಸೆದಾಗ ಪ್ಯಾನ್ ಬಡಿದ ಮೊದಲ ಮೂರು ಮೆಟ್ಟಿಲು."

ಜಬೋಕಾ ಹ್ಯಾಟನ್ನು ಇನ್ನೂ ಕೆಳಕ್ಕೆ ಎಳೆದುಕೊಂಡ.

"ಅವನು ಹೋದ ಮೇಲೆ ಮೂರು ದಿನ ನೀನು ಊಟ ಮಾಡ್ಲಿಲ್ಲ. ಅವನೇ ಸರಿಮಾಡ್ಬೇಕಿತ್ತು, ಬೇರೆ ಯಾರೂ ಸುತ್ತಿಗೆ ಮುಟ್ಟಬಾರ್ದು ಅಂದೆ. ಆಮೇಲೆ ನನ್ನ ಹತ್ರ ಆಣೆ ಹಾಕಿಸ್ಕೊಂಡೆ, ಪ್ಯಾನ್ ಎಸೆದ ಮಾತನ್ನ ಈ ಜನ್ಮದಲ್ಲಿ ಎತ್ತಬಾರ್ದು ಅಂತ. ಅವತ್ತಿಂದ ಬೇರೆ ಹಾಡು ಬಾರಿಸುವಾಗ ನಿನ್ನ ಕೈ ಆ ಜಾಗ ಬಿಟ್ಟು ಹೋಗೋದು ಕಲೀತು. ನೀನು ಮರೆತಿಲ್ಲ ಕಣೇ. ಸರಿಯಾಗೇ ಹೊಡೀತಿದೀಯ."

ಕಾಮಿನಿ ಗುಂಡಿ ಒತ್ತಿ ಆ ಬಿಲ್ಲೆಯ ಸದ್ದನ್ನು ಆರಿಸಿದಳು. ಇಸ್ಮೇ ಕೋಲುಗಳನ್ನು ಎತ್ತಿಕೊಂಡಳು. ಮೊದಲ ತುಂಡು, ಎರಡನೆಯದು, ಕೈ ಎಡಕ್ಕೆ ತಿರುಗಿತು. ತುಕ್, ತುಕ್, ತುಕ್. ರಬ್ಬರಿನ ಮೇಲೆ ಕೋಲು ಬಿದ್ದ ಬರಿಯ ಸದ್ದು. ಅಲ್ಲಿಂದ ಹಾಡು ಎದ್ದು ನಗುತ್ತಾ ಹೊರಟಿತು, ಕೊನೆಯವರೆಗೂ ಎಲ್ಲೂ ನಿಲ್ಲಲಿಲ್ಲ. ಜಬೋಕಾ ತನ್ನ ಪಾಲಿನ ಕೆಳಸ್ವರಗಳನ್ನು ತೊಡೆಯ ಮೇಲೆ ಬಡಿಯುತ್ತಾ, ಬಾಯಲ್ಲಿ ಡುಮ್ ಡುಮ್ ಎನ್ನುತ್ತಾ, ಮೂಗು ಒರೆಸಿಕೊಳ್ಳುತ್ತಿದ್ದ.

"ಬಂತು ತಾಂತಿ!" ಕಾಮಿನಿ ಕುಣಿದಾಡಿಬಿಟ್ಟಳು. "ಪೂರ್ತಿ ಬಂತು, ಎಲ್ಲ ಉಳೀತು ಇದ್ರಲ್ಲಿ. ನಾಳೆ ಬರೆದುಕೊಡ್ತೀನಿ, ಯಾರು ಬೇಕಾದ್ರೂ ಬಾರಿಸ್ಬಹುದು. ಸ್ವರ ಕೂರಿಸಿದ ಈ ಕ್ರಮಕ್ಕೂ ಇದು ಒಂದು ಹೆಸರು ಕೇಳ್ತಿದೆ. ಏನಂತ ಇಡಲಿ?"

"ಕತ್ಬರ್ಟ್ ಅಂತ ಇಡು" ಎಂದಳು ಇಸ್ಮೇ.

ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಜಬೋಕಾ ಅದನ್ನು ಗಮನಿಸಿದ. "ಏನೇ? ಆಣೆ ಮುರಿದೆ ಅಂತ ಕೋಪಾನಾ?"

"ಇಲ್ಲ ಕಣೋ." ಇಸ್ಮೇ ಕೋಲಿನ ತುದಿಯ ರಬ್ಬರನ್ನು ಬೆರಳಿನಿಂದ ತಿರುವುತ್ತಿದ್ದಳು. "ನಾನು ಪ್ಯಾನ್ ಎಸೆದಿದ್ದು ನಂಗೆ ನೆನಪಿಲ್ಲ. ನೀನು ಹೇಳಿದ್ಮೇಲೂ ನೆನಪಾಗ್ತಿಲ್ಲ. ಮೆಟ್ಟಿಲು, ಜಗಳ, ನಿನ್ನ ಹತ್ರ ಹಾಕಿಸ್ಕೊಂಡ ಆಣೆ, ಒಂದೂ ಇಲ್ಲ."

ಜಬೋಕಾನ ಕಣ್ಣಲ್ಲೂ ಈಗ ಭಯವಿತ್ತು. ನಲವತ್ತು ವರ್ಷ ಈ ಹೆಂಗಸು ಅದೊಂದನ್ನು ಮರೆಯಲಿ ಎಂದೇ ಅವನು ಬಾಯಿ ಕಟ್ಟಿಕೊಂಡಿದ್ದ.

ಇಸ್ಮೇ ಕಾಮಿನಿಯ ಮೊಣಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು, ಹಿಡಿತ ಮಾತ್ರ ಗಟ್ಟಿಯಿತ್ತು.

"ನೋಡಮ್ಮಾ, ಒಂದಿನ ನಾನು ಇಲ್ಲಿಗೆ ಬರ್ತೀನಿ. ನೀವೆಲ್ಲ ಇದನ್ನ ಬಾರಿಸ್ತಿರ್ತೀರಿ. ಚೆನ್ನಾಗಿದೆ, ಇದು ಯಾರ ಹಾಡು ಅಂತ ನಾನು ಕೇಳ್ತೀನಿ. ಆಗ ನಂಗೆ ಕಥೆ ಹೇಳೋಕೆ ಹೋಗ್ಬೇಡ. ಮೆತ್ತಗೆ ಮಾತಾಡ್ಲೂಬೇಡ. ಈ ತಟ್ಟೆಗೆ ಕತ್ಬರ್ಟ್ ಅನ್ನೋದನ್ನ ಹಾಕಿ, ನನ್ನ ಕೈಗೆ ಕೋಲು ಕೊಡು."

"ಕೊಡ್ತೀನಿ ತಾಂತಿ" ಎಂದಳು ಕಾಮಿನಿ.

"ಆ ಬಿಲ್ಲೆ ಸದ್ದು ಆರಿಸಿರ್ಬೇಕು, ನೆನಪಿಟ್ಕೋ" ಎಂದು ಇಸ್ಮೇ ಹೇಳಿ, ಇನ್ನೊಂದು ಸಲ ಬಾರಿಸಲು ನಿಂತಳು.